ಒಂದೇ ಕಾರಿಗೆ ಎರಡು ಹೆಸರು

ಡಾರ್ಮ್‌ಸ್ಟಾಟ್, ಜರ್ಮನಿ
೧೯ ಮೇ ೨೦೦೨

ನನ್ನ ಹಡೆದವ್ವನಿಗೆ ಶ್ರೀದೇವಿಯ ಶರಣು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಹೊತ್ತಿಲ್ಲದೆ ತಡವಾದದ್ದಲ್ಲ, ಇಲ್ಲಿ ಹೊತ್ತಿಗೇನೂ ಬರವಿಲ್ಲ. ಅಂಚೆ ಪೆಟ್ಟಿಗೆ ರಸ್ತೆಯ ಆ ಕಡೆ ಇದೆ, ಅಲ್ಲಿಗೆ ಹೋಗಿಬರಲು ನನಗೆ ಧೈರ್ಯವಾಗಲಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ.

ಮೊದಲು ನಿನ್ನ ಹೆದರಿಕೆ ಕಳೆಯಬೇಕು. ಮೊನ್ನೆ ಫೋನಿನಲ್ಲಿ ಮಾಮಾ "ಅಕ್ಕಾ, ಕಾರಿಂದು ಡಿಕ್ಕಿ ಭಾಳ ದೊಡ್ಡದದ" ಅಂದಾಗ ನೀನು ಕಾರು ಎಲ್ಲಿಯೋ ಡಿಕ್ಕಿ ಹೊಡೆದಿದೆ ಎಂದು ತಿಳಿದು ವೀರಭದ್ರನಿಗೆ ಹರಕೆ ಹೊತ್ತೆಯಂತೆ. ಅಪ್ಪ ನಗುತ್ತ ಹೇಳಿದರು. ಅದು ಆ ಡಿಕ್ಕಿ ಅಲ್ಲ ಅವ್ವಾ, ಕಾರಿನ ಹಿಂದೆ ಸಾಮಾನು ಇಡುವ ಡಿಕ್ಕಿ. ಹೊತ್ತ ಹರಕೆ ಹೊತ್ತಾಯಿತು, ಒಂದು ಕಾಯಿ ಒಡೆಸಿಬಿಡು.

ಹೌದು, ಮಾಮಾ ಕಾರು ಕೊಂಡರು. ಫೋನು ಎತ್ತಿದ ಕೂಡಲೇ "ನನ್ನ ತಮ್ಮ ಉಂಡಾನಿಲ್ಲ" ಎಂದು ಕೇಳುತ್ತೀಯಲ್ಲ, ಈಗ ಕಾರು ಬಂದ ಮೇಲೆ ನಿನ್ನ ತಮ್ಮನಿಗೆ ಊಟದ ನೆನಪೇ ಇಲ್ಲ. ನಾನು ಇನ್ನೂ ಅವರನ್ನು ಮಾಮಾ ಎಂದೇ ಕರೆಯುತ್ತೇನೆಂದು ಬೈಯಬೇಡ. ಮದುವೆಯಾಗಿ ವರ್ಷವಾದರೂ ಬೇರೆ ಹೆಸರು ಬಾಯಿಗೆ ಬರುತ್ತಿಲ್ಲ. ಹುಟ್ಟಿದಾಗಿನಿಂದ ನಿನ್ನ ತಮ್ಮನನ್ನು ಕರೆದ ಹೆಸರು ತಾಳಿ ಕಟ್ಟಿದ ಮಾತ್ರಕ್ಕೆ ನಾಲಗೆಯಿಂದ ಇಳಿಯುತ್ತದೆಯೇ.

ಧೈರ್ಯದ ಮಾತು ಹೇಳುತ್ತೇನೆಂದೆ. ಇಲ್ಲಿಯ ಮನೆಗಳ ಬಾಗಿಲು ಒಂದು ವಿಚಿತ್ರ. ಹೊರಗೆ ಬಂದು ಎಳೆದುಕೊಂಡರೆ ತಾನೇ ಕೀಲಿ ಬೀಳುತ್ತದೆ, ಹೊರಗಿನಿಂದ ಹಿಡಿಕೆ ತಿರುಗುವುದಿಲ್ಲ. ಬಂದ ಹೊಸದರಲ್ಲಿ ಕಸ ಚೆಲ್ಲಲು ಹೋಗಿ ಹೀಗೆ ಹೊರಗೇ ಉಳಿದೆ. ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ. ಮಧ್ಯಾಹ್ನವೆಲ್ಲ ಮೆಟ್ಟಿಲ ಮೇಲೆ ಕುಳಿತಿದ್ದೆ. ಮಂದಿ ಹತ್ತಿ ಇಳಿದು ಹೋಗುತ್ತಿದ್ದರು, ಏನೋ ಅನ್ನುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ತಿಳಿಯದ ಮಾತಿಗೆಲ್ಲ ತಲೆ ಆಡಿಸುವುದು ನನಗೆ ಅಂದಿನಿಂದ ರೂಢಿಯಾಗಿಬಿಟ್ಟಿದೆ. ಕೊನೆಗೆ ಮೇಲಿನ ಮನೆಯ ಒಬ್ಬ ಹೆಂಗಸು ನನ್ನ ಎದುರು ನಿಂತು, "ನೀವು ಇಂಡಿಯಾದವರಲ್ವಾ? ಎಂತ ಆಯ್ತು ಮಾರಾಯ್ತಿ?" ಎಂದಾಗ ಅತ್ತುಬಿಟ್ಟೆ. ಅವಳೇ ಗ್ರೇಸಕ್ಕ. ಮಂಗಳೂರಿನ ಕ್ರೈಸ್ತರು, ಇಲ್ಲಿ ದವಾಖಾನೆಯಲ್ಲಿ ನರ್ಸು. ನನಗೆ ಇಲ್ಲಿ ಕನ್ನಡ ಎಂದರೆ ಅವಳು ಮತ್ತು ಮಾಮಾ, ಇಬ್ಬರೇ. ಕಂಪ್ಯೂಟರ್ ಕೆಲಸದವರಿಗೆಂದು ಇಲ್ಲಿಯ ಸರಕಾರ ಮಾಮಾನಿಗೆ ಕೊಟ್ಟ ಗ್ರೀನ್ ಕಾರ್ಡಿನ ಕರಾರಿನಲ್ಲಿ ನಾನು ಇಷ್ಟು ಬೇಗ ಕೆಲಸಕ್ಕೆ ಹೋಗುವ ಹಾಗಿಲ್ಲವಂತೆ. ನಾಲ್ಕನೇ ಇಯತ್ತೆ ಓದಿದವಳಿಗೆ ಯಾರು ಕೆಲಸ ಇಟ್ಟಿದ್ದಾರೆ ಎಂದು ನಾನೇ ನಕ್ಕೆ.

ಈಗ ಕಾರಿನ ಸುದ್ದಿ. ನಿನ್ನ ಅಪ್ಪ, ನಮ್ಮ ಅಡಿವೆಪ್ಪಜ್ಜ, ಓಡಿಸುತ್ತಿದ್ದ ಅರಳೆ ಸಾವಕಾರರ ಡಾಜ್ ಕಾರು ನಿನಗೆ ನೆನಪಿದೆ. ದೀಪಾವಳಿಗೆ ನೀನೂ ಮಾಮಾನೂ ಅದನ್ನು ತೊಳೆದು ಒರೆಸುತ್ತಿದ್ದಿರಂತೆ, ಒರೆಸಿದ ಮೇಲೂ ಒಳಗೆ ಕೂರಲು ಬಿಡುತ್ತಿರಲಿಲ್ಲವಂತೆ. ಒಮ್ಮೆ ಮಾಮಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಕ್ಕೆ ಸಾವಕಾರರ ಎದುರಿಗೇ ಅಜ್ಜ ಹೊಡೆದನಂತೆ. ನೀನು ಅಡ್ಡ ಬಂದು ನಿನ್ನ ಬೆನ್ನಿಗೂ ಬಿತ್ತಂತೆ. ತಾಯಿಯಿಲ್ಲದ ತಮ್ಮನನ್ನು ಹೇಗೆ ಕಾಯ್ದೆ ಎಂದು ನೀನು ಎಂದೂ ಹೇಳಲಿಲ್ಲ. ಮಾಮಾ ಹೇಳಿದರು, ಕಾರು ಕೊಂಡ ದಿನ.

ಅವರಿಗೆ ಅಂಥದೇ ಕಾರು ಬೇಕಿತ್ತು. ಆದರೆ ಆ ಡಾಜ್ ಇಲ್ಲಿ ಸಿಗುವುದಿಲ್ಲ. ಕಾರಣ ಕೇಳಿದರೆ ನಿನಗೆ ನಗು ಬರುತ್ತದೆ. ಅಮೇರಿಕದಲ್ಲಿ ಆ ಕಾರಿನ ಹೆಸರು ಪ್ಲಿಮತ್. ಅದನ್ನೇ ಹೊರದೇಶಕ್ಕೆ ಕಳಿಸುವಾಗ ಡಾಜ್ ಎಂದು ಬೇರೆ ಬಿಲ್ಲೆ ಹಚ್ಚುತ್ತಿದ್ದರಂತೆ. ಅದರ ಬಿಡಿ ಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯಲ್ಲಿ ಜೋಡಿಸಿ ನಮ್ಮವರು ಮಾರುತ್ತಿದ್ದರು. "ಮಂದಿ ಬ್ಯಾರೆ, ಹೆಸರು ಬ್ಯಾರೆ, ಗಾಡಿ ಒಂದ" ಎಂದರು ಮಾಮಾ.

ಈ ಊರಿನಲ್ಲಿ ಅಮೇರಿಕದ ಸಿಪಾಯಿಗಳ ದೊಡ್ಡ ಕಾಲೋನಿ ಇದೆ. ದೊಡ್ಡ ಯುದ್ಧ ಮುಗಿದಾಗಿನಿಂದ ಇದ್ದಾರೆ. ಬರುವಾಗ ಹಡಗಿನಲ್ಲಿ ತಮ್ಮ ಕಾರು ತರುವುದು, ಹೋಗುವಾಗ ಇಲ್ಲಿಯೇ ಮಾರುವುದು ಅವರ ಪದ್ಧತಿ. ಹಾಗೆ ಒಬ್ಬ ಸಾರ್ಜೆಂಟ್ ಬಿಟ್ಟುಹೋದ ಪ್ಲಿಮತ್ ಕಾರನ್ನು ಅವರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ ಕ್ರಾಫ್ಟ್ ಎಂಬುವರು ಕೊಂಡು, ಮುದುಕರಾಗುವ ತನಕ ಇಟ್ಟುಕೊಂಡಿದ್ದರು. ಐವತ್ತನಾಲ್ಕನೇ ಇಸವಿಯದು. ಎಳೆ ಹಸಿರು ಮೈ, ಕೆನೆ ಬಣ್ಣದ ತಲೆ. ಬಾನೆಟ್ಟಿನ ತುದಿಗೆ ಒಂದು ಹಾಯಿಹಡಗಿನ ಗೊಂಬೆ. ಮೊದಲು ಅಮೇರಿಕಕ್ಕೆ ಹೋಗಿ ನೆಲೆಸಿದವರ ಹಡಗಂತೆ ಅದು. ಅವರು ತಿರುಗಿ ತಮ್ಮೂರಿಗೆ ಬಂದರೇನು ಎಂದು ಕೇಳಿದೆ. "ಯಾಕ ಬರ್ತಾರ?" ಎಂದರು ಮಾಮಾ.

ಕ್ರಾಫ್ಟ್ ಅವರ ಮನೆ ಟ್ರಾಮ್ ಇಳಿದು ಮತ್ತೆ ಬಸ್ಸಿನಲ್ಲಿ ಹೋಗಬೇಕಾದ ಹಳ್ಳಿಯಲ್ಲಿದೆ. ಮಾಮಾ ಕರವಸ್ತ್ರದಲ್ಲಿ ಒಂದು ಆಯಸ್ಕಾಂತ ಸುತ್ತಿಕೊಂಡು ಬಂದಿದ್ದರು. ಅದನ್ನು ಕಾರಿನ ಮೈಮೇಲೆಲ್ಲ ಸರಿಸಿ ನೋಡಿದರು. ತಗಡು ಕೊಳೆತು ಮೇಲೆ ಪುಟ್ಟಿ ತುಂಬಿದ್ದರೆ ಆಯಸ್ಕಾಂತ ಹಿಡಿಯುವುದಿಲ್ಲವಂತೆ, ಕೆಳಗೆ ಜಾರುತ್ತದಂತೆ. ಎಲ್ಲಿಯೂ ಜಾರಲಿಲ್ಲ. ಮುದುಕರು ಮಾತ್ರ ಬಿಗುವಾಗಿದ್ದರು. ದಲ್ಲಾಳಿಗಳು ಬಂದು ಕೇಳಿದರೂ ಕೊಟ್ಟಿರಲಿಲ್ಲವಂತೆ. "ಕೂತು ನೋಡು" ಎಂದು ಬಾಗಿಲು ತೆಗೆದರು. ಮಾಮಾ ಏನು ಮಾಡಿದರು ಗೊತ್ತೇ, ಬೂಟು ಬಿಚ್ಚಿ ಹೊರಗಿಟ್ಟು ಒಳಗೆ ಕುಳಿತರು. ತಾವು ಮಾಡಿದ್ದು ಅವರಿಗೇ ತಿಳಿದಿರಲಿಲ್ಲ. ಮುದುಕರು ಆ ಬೂಟುಗಳನ್ನೇ ನೋಡುತ್ತ ನಿಂತರು, ಆಮೇಲೆ ಕೈ ಚಾಚಿ ಮಾಮಾನ ಕೈ ಕುಲುಕಿದರು. ವ್ಯಾಪಾರ ಅಲ್ಲಿಗೇ ಮುಗಿಯಿತು.

ಒಳಗೆ ಕರೆದು ಅವರ ಹೆಂಡತಿ ಕೇಕು ಕೊಟ್ಟಳು. ನಾನು ನೀರು ಬೇಕೆಂದು ಮೆಲ್ಲಗೆ "ಮಾಮಾ" ಎಂದೆ. ಆಕೆ ಕೇಕು ಕೊಯ್ಯುವುದನ್ನೇ ನಿಲ್ಲಿಸಿದಳು. ಇಲ್ಲಿ ಮಾಮಾ ಎಂದರೆ ಅವ್ವ. ಮೀಸೆ ಹೊತ್ತ ಗಂಡಸನ್ನು ನಾನು ಅವ್ವಾ ಎಂದು ಕರೆದೆನೆಂದು ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಮಾಮಾನ ಕಿವಿ ಕೆಂಪಾಯಿತು. ಜರ್ಮನ್‌ನಲ್ಲಿ ಏನೋ ವಿವರಿಸಿ, ಕೊನೆಗೆ ನನ್ನ ಕಡೆ ಕೈ ತೋರಿಸಿ ಒಂದು ಮಾತು ಹೇಳಿದರು. ಆಕೆ ಆ ಮಾತನ್ನೇ ಹಿಡಿದು "ಆಹ್, ನಿಷ್ಟೆ, ನಿಷ್ಟೆ" ಎಂದು ನನ್ನ ಕೆನ್ನೆ ಸವರಿದಳು.

ಜರ್ಮನರಿಗೆ ಸಂಸ್ಕೃತ ನಮಗಿಂತ ಚೆನ್ನಾಗಿ ಗೊತ್ತು ಎಂದು ನಾನು ಅಜ್ಜನಿಗೆ ಓದಿ ಹೇಳುತ್ತಿದ್ದ ಪೇಪರಿನಲ್ಲಿ ಬಂದಿತ್ತು. ಅದು ಸುಳ್ಳಲ್ಲ ಅವ್ವಾ. ನಿಷ್ಠೆ ಎಂಬ ಮಾತು ಇವರಲ್ಲಿಯೂ ಇದೆ. ಹೆಂಡತಿ ನಿಷ್ಠೆಯವಳು ಎಂದು ನಾಲ್ಕು ಮಂದಿಯ ಮುಂದೆ ಹೇಳುವ ಗಂಡಸರು ನಮ್ಮ ಓಣಿಯಲ್ಲಿ ಎಷ್ಟು ಮಂದಿ ಇದ್ದಾರೆ ಹೇಳು. ಬರುವಾಗ ಮುಂದಿನ ಉದ್ದ ಸೀಟಿನಲ್ಲಿ ಮಾಮಾನ ಪಕ್ಕ ಕುಳಿತು ಬಂದೆ. ದಾರಿಯುದ್ದಕ್ಕೂ ಅದೇ ಮಾತು ಕಿವಿಯಲ್ಲಿತ್ತು.

ಅಪ್ಪನಿಗೆ ಶರಣು ಹೇಳು. ನಿನ್ನ ಆಶೀರ್ವಾದದ ಕೈ ಅಷ್ಟು ದೂರದಿಂದಲೂ ನನ್ನ ತಲೆಯ ಮೇಲೆ ಇರಲಿ.

ನಿನ್ನ ಮಗಳು
ಶ್ರೀದೇವಿ

ಮರೆತ ಮಾತು: ಎರಡು ತಿಂಗಳಿಂದ ಮುಟ್ಟು ನಿಂತಿದೆ. ಮಾಮಾನಿಗೆ ಇನ್ನೂ ಹೇಳಿಲ್ಲ, ಕಾರಿನ ಗಡಿಬಿಡಿಯಲ್ಲಿದ್ದಾರೆ. ಮೊದಲ ಬಾಣಂತನ ತವರಿನಲ್ಲೇ ಎಂದು ನೀನೇ ಫೋನಿನಲ್ಲಿ ಅವರಿಗೆ ಹೇಳು. ನಾನು ಕೇಳಿದರೆ ನೋಡೋಣ ಅನ್ನುತ್ತಾರೆ, ನೀನು ಹೇಳಿದರೆ ಆಗಲಿ ಅನ್ನುತ್ತಾರೆ.


ಡಾರ್ಮ್‌ಸ್ಟಾಟ್
೨೫ ಆಗಸ್ಟ್ ೨೦೦೨

ಅವ್ವನಿಗೆ, ದೂರದಿಂದಲೇ ನಿನ್ನ ಪಾದ ಮುಟ್ಟಿ ಬರೆಯುತ್ತಿರುವುದು.

ಮೂರು ತಿಂಗಳು ಬರೆಯದೆ ಇದ್ದೆ. ವಾಂತಿ ಜೋರಿತ್ತು, ಬಗ್ಗಿ ಬರೆಯಲು ಕುಳಿತರೆ ಕಣ್ಣು ಕತ್ತಲೆ ಬರುತ್ತಿತ್ತು. ಈಗ ಇಳಿದಿದೆ. ನೀನು ಕಳಿಸಿದ ಹುಣಸೆ ತೊಕ್ಕು ಮುಟ್ಟಿತು. ಬಾಟಲಿ ಮುಗಿಯಬಾರದೆಂದು ಬೆರಳ ತುದಿಯಲ್ಲಿ ನೆಕ್ಕುತ್ತೇನೆ.

ಊರಿಗೆ ಯಾವಾಗ ಎಂದು ನೀನು ಕೇಳಿದ್ದೀ. ನಾನೂ ಮಾಮಾನನ್ನು ಅದನ್ನೇ ಕೇಳುತ್ತಿದ್ದೇನೆ. ನೀನು ಹೇಳಿದ ದಿನ ಅವರು ಆಗಲಿ ಎಂದದ್ದು ಖರೆ. ಆದರೆ ಅಂದಿನಿಂದ ಒಂದಾದ ಮೇಲೊಂದು. ಮೊದಲು ಕಾರಿನ ತಪಾಸಣೆ ಮುಗಿಯಲಿ ಎಂದರು. ಹಳೆಯ ಕಾರು ಹುಟ್ಟಿದಾಗ ಹೇಗಿತ್ತೋ ಹಾಗೆಯೇ ಇದೆ ಎಂದು ಸರಕಾರದವರು ಒಪ್ಪಿದರೆ ನಂಬರಿನ ಕೊನೆಗೆ ಎಚ್ ಎಂಬ ಅಕ್ಷರ ಕೊಡುತ್ತಾರೆ. ಒಂದು ತಿರುಪು ಬೇರೆಯದಾದರೂ ತಕರಾರು. ಆ ಅಕ್ಷರ ಬಂತು. ಆಮೇಲೆ ಹಳೆಯ ಕಾರುಗಳ ಮೇಳ ಮುಗಿಯಲಿ ಎಂದರು. ಮೇಳವೂ ಮುಗಿಯಿತು. ಈಗ ಆಫೀಸಿನಲ್ಲಿ ಮಂದಿಯನ್ನು ತೆಗೆಯುತ್ತಿದ್ದಾರೆ, ಇಂಥ ಹೊತ್ತಿನಲ್ಲಿ ರಜೆ ಕೇಳಲಾಗದು ಎನ್ನುತ್ತಾರೆ. ಅದು ಸುಳ್ಳಲ್ಲ, ಮಾಮಾನ ಜೊತೆ ಬಂದ ಹೈದರಾಬಾದಿನ ಹುಡುಗ ಹೋದ ತಿಂಗಳು ಊರಿಗೆ ಹೋದ. ನನ್ನೊಬ್ಬಳನ್ನೇ ವಿಮಾನಕ್ಕೆ ಹತ್ತಿಸಿ ಎಂದೆ. "ನೀ ಒಬ್ಬಾಕೆ? ಮನಿ ಬಾಗಲಾ ತಗಿಯಾಕ ಬರೂದಿಲ್ಲ ನಿನಗ" ಎಂದು ನಕ್ಕರು. ಹೊಟ್ಟೆ ಬಹಳ ದೊಡ್ಡದಾದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ ಎಂದು ಗ್ರೇಸಕ್ಕ ಹೇಳಿದ್ದಾಳೆ. ದಿನ ಹೋದ ಹಾಗೆ ನನಗೆ ಅದೇ ಚಿಂತೆ.

ಕಾರಿನಲ್ಲಿ ನಾನೀಗ ಹಿಂದೆ ಕೂರುತ್ತೇನೆ. ರವಿವಾರ ಬಂದರೆ ಕ್ರಾಫ್ಟ್ ಮುದುಕರು ಬರುತ್ತಾರೆ, ಅವರು ಮುಂದೆ. ಹಿಂದಿನ ಸೀಟು ನಮ್ಮ ಪಡಸಾಲೆಯಷ್ಟು ಅಗಲ. ನನ್ನ ಕಡೆಯ ಬಾಗಿಲಿನ ಒಳಗಿನ ಹಿಡಿಕೆ ಮುರಿದಿದೆ, ಯಾರಾದರೂ ಹೊರಗಿನಿಂದ ತೆಗೆಯಬೇಕು. ಬೇರೆ ಯಾವುದನ್ನೋ ಹಾಕಿದರೆ ಎಚ್ ಹೋಗುತ್ತದೆಂದು ಅಮೇರಿಕದಿಂದ ಅದೇ ಹಿಡಿಕೆ ತರಿಸುತ್ತಿದ್ದಾರೆ. ಇಂಥ ಕಾರಿನವರೆಲ್ಲ ಇದೇ ಕೆಲಸದಲ್ಲಿ ಇರುತ್ತಾರೆ, ಒಂದು ಗುಂಡಿ, ಒಂದು ಪಟ್ಟಿ, ಒಂದು ದೀಪದ ಗಾಜು ಹುಡುಕುತ್ತ. ಒಮ್ಮೆ ಪೆಟ್ರೋಲ್ ಬಂಕಿನಲ್ಲಿ ಇಬ್ಬರೂ ಇಳಿದು ಮಾತಿಗೆ ನಿಂತು ನನ್ನನ್ನು ಮರೆತರು. ಗಾಜು ಬಡಿಯಲು ನಾಚಿಕೆಯಾಯಿತು. ಯಾರಾದರೂ ನೋಡಲಿ ಎಂದು ಸುಮ್ಮನೆ ಕುಳಿತಿದ್ದೆ.

ಮೇಳ ಮಾತ್ರ ನೋಡುವ ಹಾಗಿತ್ತು. ಬಯಲು ತುಂಬ ಅಮೇರಿಕದ ಕಾರುಗಳು. ಕೆಲವಕ್ಕೆ ಹಿಂದೆ ಮೀನಿನ ರೆಕ್ಕೆಯಂಥವು, ಕೆಲವು ದೋಣಿಯಷ್ಟು ಉದ್ದ. ಜರ್ಮನರೇ ದೊಡ್ಡ ಟೊಪ್ಪಿಗೆ ಹಾಕಿಕೊಂಡು ಅಮೇರಿಕದವರ ಹಾಗೆ ತಿರುಗಾಡುತ್ತಿದ್ದರು. ಮಾಮಾ ಎಲ್ಲರಿಗೂ ಡಾಜ್ ಮತ್ತು ಪ್ಲಿಮತ್ ಕಥೆ ಹೇಳಿದ್ದೇ ಹೇಳಿದ್ದು. ತಮ್ಮ ತಂದೆಗೆ ಇಂಥದೇ ಕಾರು ಇತ್ತು ಎಂದೂ ಹೇಳಿದರು. ಫಾಟರ್ ಎಂದರೆ ತಂದೆ, ಅಷ್ಟು ನನಗೆ ತಿಳಿಯುತ್ತದೆ. ಅಜ್ಜ ಡ್ರೈವರ್ ಎಂದು ಹೇಳಿದರೋ ಇಲ್ಲವೋ ತಿಳಿಯಲಿಲ್ಲ. ಎಲ್ಲರಿಗೂ ನನ್ನನ್ನು ನಿಷ್ಠೆ ಎಂದೇ ಪರಿಚಯ ಮಾಡಿದರು. ನಾನು ಕೈ ಮುಗಿದೆ.

ಕ್ರಾಫ್ಟ್ ಅವರ ಹೆಂಡತಿ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಹೊಟ್ಟೆಯ ಮೇಲೆ ಕೈ ಇಟ್ಟು ಮಾಮಾನ ಕಡೆ ತಿರುಗಿ ಏನೋ ಕೇಳಿದಳು. ಫಾಟರ್ ಎಂಬ ಮಾತು ಕೇಳಿಸಿತು. ಮಾಮಾ ತುಸು ತಡೆದು ಇಂಡಿಯಾ ಎಂದರು. ಆಕೆ ನನ್ನ ಮುಖ ನೋಡಿದಳು. ಅಪ್ಪನ ಬಗ್ಗೆ ಕೇಳುತ್ತಿದ್ದಾಳೆ ಎಂದು ತಿಳಿದು ನಾನೂ ಹೌದೆಂದು ತಲೆ ಆಡಿಸಿ "ಯಾ, ಇಂಡಿಯಾ" ಎಂದೆ. ಅಪ್ಪ ಅಲ್ಲಿಯೇ ಇದ್ದಾರಲ್ಲ, ಬೆಟಗೇರಿಯಲ್ಲಿ. ಆಕೆಯ ಕಣ್ಣು ತುಂಬಿ ಬಂತು. ನನ್ನ ಅಪ್ಪನನ್ನು ಬಿಟ್ಟುಬಂದದ್ದಕ್ಕೆ ಇಷ್ಟು ಮರುಗುವ ಮಂದಿ ಇದ್ದಾರೆ ನೋಡು. ಅಪ್ಪನಿಗೆ ಹೇಳು, ಖುಷಿಯಾಗುತ್ತದೆ.

ಮನೆ ಮುಟ್ಟಿದ ಮೇಲೆ ಮಾಮಾ, "ಇನ್ನ ಮ್ಯಾಲೆ ನೀ ಕಾರಿನ್ಯಾಗ ಬರೂದು ಬ್ಯಾಡ ಶಿರಿ. ಭಾಳ ಕುಲುಕ್ತದ" ಎಂದರು. ಹೊಟ್ಟೆಯ ಕೂಸಿನ ಮೇಲೆ ಅವರಿಗೆ ಕಾಳಜಿ. ಆದರೆ ರವಿವಾರ ಒಂದಿತ್ತು ಹೊರಗೆ ಹೋಗಲು, ಈಗ ಅದೂ ಇಲ್ಲ. ಕಿಟಕಿಯಲ್ಲಿ ನಿಂತು ಹಸಿರು ಕಾರು ತಿರುವಿನ ತನಕ ಹೋಗುವುದನ್ನು ನೋಡುತ್ತೇನೆ.

ಕೂಸಿಗೂ ನನಗೂ ನಿನ್ನ ಹರಕೆಯಿರಲಿ.

ನಿನ್ನ
ಶ್ರೀದೇವಿ

ಇನ್ನೊಂದು: ಹೊರಗಿನ ಮಂದಿಯ ಎದುರು ಮಾಮಾ ಎಂದು ಕರೆಯಬೇಡ ಎನ್ನುತ್ತಾರೆ. ಮತ್ತೆ ಏನೆಂದು ಕರೆಯಲಿ ಎಂದು ಕೇಳಿದೆ. ಕಾರಿನ ಕೀಲಿ ತೆಗೆದುಕೊಂಡು ಕೆಳಗಿಳಿದು ಹೋದರು. ನೀನು ಅಪ್ಪನನ್ನು ಏನೆಂದೂ ಕರೆಯದೆ ಇಷ್ಟು ವರ್ಷ ಹೇಗೆ ಕಳೆದೆ ಅವ್ವಾ?


ಡಾರ್ಮ್‌ಸ್ಟಾಟ್
೧೪ ಅಕ್ಟೋಬರ್ ೨೦೦೨

ಅವ್ವಾ, ಶರಣು.

ಈ ಸಲದ ತಡಕ್ಕೆ ಒಳ್ಳೆಯ ಸುದ್ದಿಯೇ ದಂಡ ಎಂದು ತಿಳಿ. ನಾನು ಬರುತ್ತಿದ್ದೇನೆ. ಇದೇ ತಿಂಗಳು ಇಪ್ಪತ್ತಾರು, ಶನಿವಾರ ಇಲ್ಲಿಂದ ಹೊರಟು ಬೆಂಗಳೂರಿಗೆ. ಮಾಮಾ ತಾವಾಗಿಯೇ ಟಿಕೀಟು ತಂದು ಕೈಯಲ್ಲಿಟ್ಟರು. ವಿಮಾನ ಹತ್ತಲು ಅಡ್ಡಿಯಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಅಪ್ಪನೊಡನೆ ನೀನೂ ಬೆಂಗಳೂರಿಗೆ ಬಾ. ಈ ಕಾಗದ ನನಗಿಂತ ಮೊದಲು ನಿನಗೆ ಮುಟ್ಟಲಿ ಎಂದು ಇಂದೇ ಹಾಕುತ್ತೇನೆ. ಈಗ ಅಂಚೆ ಪೆಟ್ಟಿಗೆಗೆ ನಾನೊಬ್ಬಳೇ ಹೋಗಿಬರುತ್ತೇನೆ. ಕೀಲಿಯನ್ನು ತಾಳಿಯ ಸರಕ್ಕೇ ಕಟ್ಟಿಕೊಂಡಿದ್ದೇನೆ.

ಕುಬಸ ಮಾಡಿ ಉಡಿ ತುಂಬಲು ಹೆಚ್ಚಿನ ಖರ್ಚು ಬೇಡ. ಹಸಿರು ಇಳಕಲ್ ಸೀರೆ ನಿನ್ನದೇ ಹಳೆಯದು ಸಾಕು. ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ ಮಾಡಿಡು. ಓಣಿಯ ಪುಟ್ಟಲಕ್ಷ್ಮಮ್ಮನಿಗೆ ಹೇಳಿ ಕೂಸಿಗೆ ಹಳೆಯ ಬಟ್ಟೆಯ ಕೌದಿ ಹೊಲಿಸು. ಮೆತ್ತಗಿರಲಿ.

ಕಾರಿನ ಹಿಡಿಕೆ ಅಮೇರಿಕದಿಂದ ಬಂತು. ಮಾಮಾ ಒಂದಿಡೀ ದಿನ ಕುಳಿತು ಕೂಡಿಸಿದರು. ಈಗ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ. ವಿಮಾನ ನಿಲ್ದಾಣಕ್ಕೆ ಆ ಕಾರಿನಲ್ಲೇ ಕರೆದೊಯ್ಯುತ್ತಾರಂತೆ, ಆ ದಿನ ಕುಲುಕಿದರೂ ಅಡ್ಡಿಯಿಲ್ಲವಂತೆ. ಕ್ರಾಫ್ಟ್ ದಂಪತಿಗಳೂ ಕಳಿಸಲು ಬರುತ್ತಾರೆ. ಆಕೆ ಕೂಸಿಗೆ ಉಣ್ಣೆಯ ಕುಲಾಯಿ ಹೆಣೆದು ತಂದುಕೊಟ್ಟಿದ್ದಾಳೆ.

ಮಾಮಾ ಚೆನ್ನಾಗಿದ್ದಾರೆ, ಉಣ್ಣುತ್ತಿದ್ದಾರೆ. ಆಫೀಸಿನಲ್ಲಿ ಅವರ ಜಾಗ ಉಳಿದಿದೆ. ಅಪ್ಪನಿಗೂ ಓಣಿಯ ಹಿರಿಯರಿಗೂ ನನ್ನ ಶರಣು ತಿಳಿಸು. ನಿನ್ನ ಮಡಿಲಲ್ಲಿ ತಲೆಯಿಟ್ಟು ಮಲಗುವ ಭಾಗ್ಯ ಬೇಗ ಬರಲಿ.

ನಿನ್ನ ಮಗಳು
ಶ್ರೀದೇವಿ

ಅವ್ವಾ, ಇಲ್ಲಿಯ ತನಕ ಬರೆದದ್ದನ್ನು ಅಪ್ಪನಿಗೂ ಓಣಿಗೂ ಓದಿ ಹೇಳು. ಇನ್ನು ಕೆಳಗಿನದನ್ನು ನೀನೊಬ್ಬಳೇ ಓದು. ಓದುವಾಗ ಅವರ ಅಕ್ಕ ಆಗಿ ಓದಬೇಡ, ನನ್ನ ಅವ್ವ ಆಗಿ ಓದು.

ಉಣ್ಣೆಯ ಕುಲಾಯಿ ತಂದ ದಿನ ಮಾಮಾ ಆಫೀಸಿನಲ್ಲಿದ್ದರು. ಗ್ರೇಸಕ್ಕ ನನ್ನ ಜೊತೆ ಇದ್ದಳು. ಕ್ರಾಫ್ಟ್ ಅವರ ಹೆಂಡತಿ ನನ್ನ ಕೈ ಹಿಡಿದು ಬಹಳ ಮಾತಾಡಿದಳು. ಗ್ರೇಸಕ್ಕ ಕನ್ನಡದಲ್ಲಿ ಹೇಳುತ್ತಾ ಹೋದವಳು ನಡುವೆ ನಿಂತುಬಿಟ್ಟಳು.

"ಇವರು ಎಂತದೋ ಕೇಳ್ತಿದ್ದಾರೆ ಶ್ರೀದೇವಿ. ಇಂಡಿಯಾದಿಂದ ನಿನ್ನ ಗಂಡ ಕಾಗದ ಬರೀತಾರಾ ಅಂತ."

ಯಾವ ಗಂಡ ಎಂದು ನಾನು ನಕ್ಕೆ. ಗ್ರೇಸಕ್ಕ ನಗಲಿಲ್ಲ. ಇವರಿಗೆ ನೀನು ಯಾರು ಅಂತ ಗೊತ್ತುಂಟಾ ಎಂದು ಕೇಳಿದಳು. ಗೊತ್ತಿಲ್ಲದೆ ಏನು, ನಾನು ನಿಷ್ಠೆ ಎಂದೆ. ಆಕೆಯೂ ಹೌದು ಹೌದು, ನಿಷ್ಟೆ ಎಂದಳು.

"ಅದು ನಿಷ್ಠೆ ಅಲ್ಲ ಮಾರಾಯ್ತಿ," ಎಂದಳು ಗ್ರೇಸಕ್ಕ. "ನಿಖ್ಟೆ. ಈ ಕಡೆಯವರ ಬಾಯಲ್ಲಿ ಹಾಗೆ ಕೇಳ್ತದೆ. ಅಕ್ಕನ ಮಗಳು ಅಂತ ಅರ್ಥ. ಅಕ್ಕನ ಮಗಳು, ಅಷ್ಟೇ."

ಅಂದು ಮೇಳದಲ್ಲಿ ಆಕೆ ಕೇಳಿದ್ದು ನನ್ನ ಅಪ್ಪನನ್ನಲ್ಲ ಅವ್ವಾ. ಈ ಕೂಸಿನ ಅಪ್ಪನನ್ನು. ಅವನು ಎಲ್ಲಿದ್ದಾನೆ ಎಂದು. ಇಂಡಿಯಾದಲ್ಲಿ ಎಂದವರು ಬೇರೆ ಯಾರೂ ಅಲ್ಲ, ನನ್ನ ಪಕ್ಕದಲ್ಲೇ ನಿಂತಿದ್ದ ಕೂಸಿನ ಅಪ್ಪನೇ. ನಾನು ಹೌದೆಂದು ತಲೆ ಆಡಿಸಿದೆ.

ನಿಜ ಹೇಳಿಬಿಡಲಾ ಎಂದು ಗ್ರೇಸಕ್ಕ ಕೇಳಿದಳು. ಬೇಡ ಎಂದೆ. ಆಕೆಯ ಎದುರು ನಿನ್ನ ತಮ್ಮನನ್ನು ಬಿಟ್ಟುಕೊಡಲು ಆಗಲಿಲ್ಲ. ಸಂಜೆ ಮಾಮಾ ಮನೆಗೆ ಬಂದ ಮೇಲೆ ಅವರನ್ನೇ ಕೇಳಿದೆ. ನಾನು ಮಾಮಾ ಎಂದು ಕರೆದಾಗ ಕ್ರಾಫ್ಟ್ ದಂಪತಿಗಳು ನಕ್ಕರಲ್ಲ, ಅದಕ್ಕೆ ಅರ್ಥ ಬಿಡಿಸಿ ಹೇಳಲು ಹೋಗಿ ಅಕ್ಕನ ಮಗಳು ಎಂದರಂತೆ. ಹೆಂಡತಿ ಎಂದೂ ಹೇಳಬೇಕೆಂದಿದ್ದರಂತೆ. ಆದರೆ ಇಲ್ಲಿಯವರಿಗೆ ಅಕ್ಕನ ಮಗಳೆಂದರೆ ಸ್ವಂತ ಮಗಳ ಹಾಗೆ, ಅವಳನ್ನೇ ಮದುವೆಯಾದೆ ಎಂದರೆ ಮನುಷ್ಯನ ಹಾಗೆ ನೋಡುವುದಿಲ್ಲ ಎಂದರು. ಒಂದು ನಿಜ ಹೇಳಿದ ಮೇಲೆ ಇನ್ನೊಂದು ನಿಜ ಗಂಟಲಲ್ಲೇ ಉಳಿಯಿತಂತೆ. "ನಾ ಸುಳ್ಳು ಹೇಳಿಲ್ಲ ಶಿರಿ. ನೀ ನಮ್ಮಕ್ಕನ ಮಗಳು ಹೌದಿಲ್ಲ?"

ಹೌದು. ಅವರನ್ನು ಸುಳ್ಳುಗಾರ ಎಂದು ಬೈಯಲೂ ಬರದ ಹಾಗಿದೆ ನಮ್ಮ ನಂಟು.

ಕೂಸಿನ ಅಪ್ಪ ಇಂಡಿಯಾದಲ್ಲಿ ಎಂದದ್ದಾದರೂ ಏನು ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ, "ನೀನ ತಲಿ ಆಡಿಸಿದ್ದಿ" ಎಂದರು.

ಅದರ ಮರುವಾರವೇ ಟಿಕೀಟು ಬಂತು. ನಾನು ಬೇಡಿ ಬೇಡಿ ಸಿಗದ್ದು ಬೇಡದೆ ಸಿಕ್ಕಿತು. ಅಕ್ಕನ ಮಗಳು ಹೆರಿಗೆಗೆ ತನ್ನ ಗಂಡನ ಹತ್ತಿರ ಹೋಗುತ್ತಿದ್ದಾಳೆ ಎಂದು ಕ್ರಾಫ್ಟ್ ಅವರಿಗೆ ಹೇಳಿದ್ದಾರಂತೆ. ಆಕೆ ನನ್ನನ್ನು ತಬ್ಬಿಕೊಂಡು ಮುತ್ತಿಟ್ಟಳು. ನಾನು ವಿಮಾನ ಹತ್ತಿದರೆ ಅವರ ಮಾತು ಪೂರಾ ಆಗುತ್ತದೆ. ಹತ್ತದಿದ್ದರೆ ನಿನ್ನನ್ನು ನೋಡದೆ ಇಲ್ಲಿ ಹೆರಬೇಕು. ಬೇರೆ ಹೆಣ್ಣುಮಕ್ಕಳಿಗೆ ಗಂಡನ ಮನೆಯಲ್ಲಿ ನೋವಾದರೆ ತವರಿನ ಬಾಗಿಲು ಇರುತ್ತದೆ. ನನಗೆ ಎರಡಕ್ಕೂ ಒಂದೇ ಬಾಗಿಲು, ಅದರಲ್ಲಿ ನಿಂತವಳು ನೀನು. ಈ ಮದುವೆಗೆ ನೀನು ಕೇಳಿದಿ ಎಂದು ಅವರು ಹೂಂ ಅಂದರು, ನೀನು ಹೇಳಿದಿ ಎಂದು ನಾನು ಹೂಂ ಅಂದೆ. ಸಾವಕಾರರ ಕಾರಿನಲ್ಲಿ ಮಲಗಿ ಹೊಡೆತ ತಿಂದ ಆ ಹುಡುಗನ ಮೇಲೆ ನನಗೂ ಮರುಕವಿದೆ, ಸಿಟ್ಟು ಮಾಡಲು ಹೋದರೆ ಅವನೇ ಅಡ್ಡ ಬರುತ್ತಾನೆ.

ಗ್ರೇಸಕ್ಕ ನನಗೆ ಒಂದು ಮಾತು ಕಲಿಸಿದ್ದಾಳೆ. "ಎರ್ ಇಸ್ಟ್ ಮೈನ್ ಮಾನ್." ಇವರು ನನ್ನ ಗಂಡ ಎಂದು. ಗಂಡನಿಗೆ ಇಲ್ಲಿ ಮಾನ್ ಎನ್ನುತ್ತಾರೆ. ಕಿವಿಗೆ ಮಾನ ಎಂದೇ ಬೀಳುತ್ತದೆ, ಆದರೆ ಈ ಸಲ ಕಿವಿಯನ್ನು ನಂಬದೆ ಅರ್ಥವನ್ನು ತಿರುಗಿ ತಿರುಗಿ ಕೇಳಿ ಖಾತ್ರಿ ಮಾಡಿಕೊಂಡೆ. ಪಾತ್ರೆ ತೊಳೆಯುವಾಗ ಹೇಳಿಕೊಳ್ಳುತ್ತೇನೆ. ನಲ್ಲಿ ಬಿಟ್ಟಿರುತ್ತೇನೆ, ಯಾರಿಗೂ ಕೇಳುವುದಿಲ್ಲ. ಶನಿವಾರ ಅವರೆಲ್ಲರ ಎದುರು ಹೇಳುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಹೇಳಿದರೆ ನಿನ್ನ ತಮ್ಮನ ತಲೆ ತಗ್ಗುತ್ತದೆ. ಹೇಳದಿದ್ದರೆ ಈ ಕೂಸಿನದು.

ಹೇಳಿ ಬರುತ್ತೇನೋ ನುಂಗಿ ಬರುತ್ತೇನೋ, ಬರುವುದಂತೂ ನಾನೇ. ಬೆಂಗಳೂರಿನಲ್ಲಿ ನಾನು ಹೊರಗೆ ಬಂದ ಕೂಡಲೇ ನನ್ನ ತಮ್ಮ ಹೇಗಿದ್ದಾನೆ, ಉಂಡನೋ ಇಲ್ಲವೋ ಎಂದು ಕೇಳಬೇಡ ಅವ್ವಾ. ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ನನ್ನನ್ನು ಕೇಳು.